ಹರಟೆಮಲ್ಲರ ಪರವಾಗಿ

ಹೆಚ್ಚು ಮಾತಾಡುವವರಿಗೆ ಕನ್ನಡದಲ್ಲಿರುವಷ್ಟು ಹೆಸರು ಹೆಚ್ಚು ತಿನ್ನುವವರಿಗಿಲ್ಲ, ಹೆಚ್ಚು ನಿದ್ದೆ ಮಾಡುವವರಿಗಂತೂ ಇಲ್ಲವೇ ಇಲ್ಲ. ತಿನ್ನುವವನು ಹೊಟ್ಟೆಬಾಕನೋ ತಿಂಡಿಪೋತನೋ ಆಗಿ ಮುಗಿದುಹೋಗುತ್ತಾನೆ. ನಿದ್ದೆಯವನಿಗೆ ರಾಮಾಯಣದಿಂದ ಕುಂಭಕರ್ಣನನ್ನೇ ಕರೆಸಬೇಕು. ಮಾತಿನವರ ಸಾಲು ಅಷ್ಟು ಬೇಗ ಮುಗಿಯುವುದಿಲ್ಲ. ಮಾತುಗಾರ, ಮಾತಾಳಿ, ಮಾತಿನಮಲ್ಲ, ವಾಚಾಳಿ, ವಾಗ್ಮಿ, ಹರಟೆಮಲ್ಲ, ಹರಟೆಕೋರ, ಬಾಯಿಬಡುಕ, ಬಡಾಯಿಗಾರ, ಬೊಗಳೆದಾಸ, ಅಧಿಕಪ್ರಸಂಗಿ, ತಲೆಹರಟೆ, ಗಯ್ಯಾಳಿ, ಘಟವಾಣಿ. ಊರಿಂದ ಊರಿಗೆ ಹೋದಂತೆ ಇನ್ನೊಂದೆರಡು ಬಂದು ಸೇರಿಕೊಳ್ಳುತ್ತವೆ.

ಈ ಪದಗಳ ಮೇಲೆ ನನಗೆ ಬಹಳ ಕಾಲದಿಂದ ಪ್ರೀತಿ. ಇವುಗಳಲ್ಲಿ ಯಾವ ಎರಡೂ ಒಂದೇ ಅಲ್ಲ ಎಂಬುದು ಒಂದು ಕಾರಣ. ಇವು ಮಾತಿನ ಪ್ರಮಾಣವನ್ನು ಅಳೆಯುವುದೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಒಬ್ಬ ಎಷ್ಟು ಹೊತ್ತು ಮಾತಾಡಿದ ಎಂದು ಇವು ಕೇಳುವುದಿಲ್ಲ, ಕೇಳಿದವನ ಕೈಗೆ ಏನು ಬಂತು ಎಂದು ನೋಡುತ್ತವೆ. ರಾತ್ರಿಯಿಡೀ ಮಾತಾಡಿದವನು ವಾಗ್ಮಿ ಎನ್ನಿಸಿಕೊಂಡು ಶಾಲು ಹೊದ್ದು ಮನೆಗೆ ಹೋಗುತ್ತಾನೆ. ಲಿಫ್ಟಿನಲ್ಲಿ ಮೂರು ಮಹಡಿ ಇಳಿಯುವಷ್ಟು ಹೊತ್ತು ಮಾತಾಡಿದವನು ಕೊರೆಯುವವನಾಗುತ್ತಾನೆ. ಕೇಳುವವನು ತೀರ್ಪುಗಾರ. ಅವನು ಯಾವ ಪದ ಎತ್ತಿಕೊಂಡ ಎಂಬುದು ಮಾತಾಡಿದವನ ಬಗ್ಗೆ ಎಷ್ಟು ಹೇಳುತ್ತದೋ ಅವನ ಬಗ್ಗೆಯೂ ಅಷ್ಟೇ ಹೇಳುತ್ತದೆ. ಈ ಬರಹ ಆ ತೀರ್ಪಿನ ನ್ಯಾಯ ಅನ್ಯಾಯಗಳ ಕುರಿತದ್ದು.

ಸದ್ದಿನಿಂದ ಶುರುಮಾಡೋಣ, ಕನ್ನಡದ ಕಿವಿ ಮೊದಲು ಹಿಡಿಯುವುದು ಅದನ್ನೇ. ಮಗು ಪಟಪಟ ಮಾತಾಡುತ್ತದೆ ಎಂದರೆ ದೃಷ್ಟಿ ತೆಗೆಯಬೇಕಾದಷ್ಟು ಮೆಚ್ಚುಗೆ. ಅರಳು ಹುರಿದ ಹಾಗೆ ಮಾತಾಡುತ್ತಾಳೆ ಎಂದರೂ ಅಷ್ಟೇ. ಬಾಣಲೆಯಲ್ಲಿ ಭತ್ತ ಸಿಡಿದು ಬಿಳಿ ಅರಳಾಗುವ ಹೊತ್ತಿನ ಸದ್ದು ಕೇಳಿದವರಿಗೆ ಗೊತ್ತು, ಅದು ಎಷ್ಟು ವೇಗವಾಗಿದ್ದರೂ ಒಂದೊಂದು ಕಾಳೂ ಬೇರೆಯಾಗಿ ಕೇಳುತ್ತದೆ. ಬಡಬಡ ಎಂದ ಕೂಡಲೇ ಆ ಬಿಡುವು ಹೋಯಿತು, ಮಾತಿನ ಮೇಲೆ ಮಾತು ಬಿತ್ತು. ವಟವಟ ಎಂದರೆ ಮಳೆಗಾಲದ ರಾತ್ರಿ, ಕೆರೆಯಂಗಳ, ವಟರುಗಪ್ಪೆ. ಲೊಡಲೊಡ ಎಂದರೆ ಒಳಗೆ ಏನೂ ಇಲ್ಲದ ಡಬ್ಬದ ಸದ್ದು. ಗೊಣಗೊಣ ಎಂದರೆ ಎದುರಿಗಿದ್ದವರಿಗೆ ಹೇಳಲಾಗದ್ದನ್ನು ತನಗೇ ಹೇಳಿಕೊಳ್ಳುವುದು. ಗುಸುಗುಸು ಎಂದರೆ ಅಲ್ಲಿಲ್ಲದ ಮೂರನೆಯವರ ವಿಷಯ. ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವ ಮಾತಿನ ಒಂದಕ್ಷರವೂ ತಿಳಿಯದೆ, ಸದ್ದಿನಿಂದಲೇ ಅಲ್ಲಿ ಏನು ನಡೆದಿದೆ ಎಂದು ಹೇಳುವ ಶಕ್ತಿ ನಮ್ಮ ಅಜ್ಜಿಯರಿಗಿತ್ತು. ಈ ಜೋಡಿ ಪದಗಳು ಆ ಕಿವಿಯಿಂದ ಬಂದವು.

ಸದ್ದಿನಷ್ಟೇ ಮುಖ್ಯ ಪದದ ಬಾಲ. ಮಾತುಗಾರ ಎಂದಾಗ ಅವನು ಹಾಡುಗಾರ, ಕಥೆಗಾರರ ಜೊತೆ ನಿಲ್ಲುತ್ತಾನೆ. ಮಾತು ಅವನ ಕಸುಬು, ಅದನ್ನು ದುಡಿದು ಕಲಿತಿದ್ದಾನೆ ಎಂಬ ಮರ್ಯಾದೆ ಅಲ್ಲಿದೆ. ಹರಟೆಕೋರ ಎಂದ ಕೂಡಲೇ ಅವನನ್ನು ಎಬ್ಬಿಸಿ ಲಂಚಕೋರ, ಜಗಳಕೋರ, ಚಾಡಿಕೋರರ ಪಂಕ್ತಿಯಲ್ಲಿ ಕೂರಿಸಿದ ಹಾಗಾಯಿತು. ಪಾರಸಿಯಲ್ಲಿ ಖೋರ್ ಎಂದರೆ ತಿನ್ನುವವನು. ಹರಟೆಕೋರ ಹೊತ್ತು ತಿನ್ನುತ್ತಾನೆ, ತನ್ನದನ್ನೂ ಕೇಳುವವನದನ್ನೂ. ಮಲ್ಲನ ವಿಚಾರ ಬೇರೆ. ಮಲ್ಲ ಎಂದರೆ ಗರಡಿ, ಮಟ್ಟಿ, ಎದುರಾಳಿ. ಮಾತಿನಮಲ್ಲ ಒಬ್ಬನೇ ಮಾತಾಡಿಕೊಂಡು ಬದುಕಲಾರ, ಅವನಿಗೆ ತಿರುಗಿ ಪಟ್ಟು ಹಾಕುವವನು ಬೇಕು. ಒಳ್ಳೆಯ ಮಾತಿನಮಲ್ಲರು ಎದುರಿನವನ ಒಳ್ಳೆಯ ಪಟ್ಟಿಗೆ ತಲೆದೂಗುವುದನ್ನು ಕಂಡಿದ್ದೇನೆ. ಪುಟ್ಟ ಹುಡುಗಿಯನ್ನು ಮಾತಿನಮಲ್ಲಿ ಎಂದು ಕರೆಯುವಾಗಲಂತೂ ಆ ಪದದಲ್ಲಿ ಮುದ್ದಲ್ಲದೆ ಬೇರೇನೂ ಇಲ್ಲ.

ಈ ವಿಂಗಡಣೆ ಇಂದು ನಿನ್ನೆಯದಲ್ಲ. ವಾಗ್ಮಿ, ವಾಚಾಳಿ ಎರಡೂ ಸಂಸ್ಕೃತದ ವಾಚ್ ಎಂಬ ಒಂದೇ ತಾಯಿಯ ಮಕ್ಕಳು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ, ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಇವೆರಡೂ ಅಕ್ಕಪಕ್ಕದ ಸೂತ್ರಗಳಲ್ಲಿವೆ. 124ನೆಯದು ವಾಗ್ಮಿಯದು, 125ನೆಯದು ವಾಚಾಲ ಮತ್ತು ವಾಚಾಟರದು. ಎರಡನೆಯ ಸೂತ್ರ ಬಹುಭಾಷಿ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆಮೇಲೆ ಬಂದ ವ್ಯಾಖ್ಯಾನಕಾರರಿಗೆ ಅಷ್ಟು ಸಾಲದೆನಿಸಿತು. ಈ ರೂಪಗಳು ನಿಂದೆಯ ಅರ್ಥದಲ್ಲಿ ಮಾತ್ರ ಬರುತ್ತವೆ ಎಂದು ಅವರು ಸೇರಿಸಿದರು. ಚೆನ್ನಾಗಿ ಮಾತಾಡುವವನು ಬಹಳ ಮಾತಾಡಿದರೂ ವಾಗ್ಮಿಯೇ ಎಂದು ಕಾಶಿಕಾವೃತ್ತಿ ಬಿಡಿಸಿ ಹೇಳಿತು. ಅಮರಕೋಶವೂ ಇವರನ್ನು ಒಂದೇ ಮಣೆಯ ಮೇಲೆ ಕೂರಿಸಲಿಲ್ಲ. ಅಲ್ಲಿ ಮಾತು ಹೆಚ್ಚಾದವನು ವಾವದೂಕ. ಹೇಳಬಾರದ್ದನ್ನು ಬಹಳವಾಗಿ ಹೇಳುವವನು ಮಾತ್ರ ವಾಚಾಲ. ವ್ಯಾಕರಣ ಬರೆಯುವವರು ನಿಂತು, ಯೋಚಿಸಿ, ಬಹಳ ಮಾತಾಡುವುದು ತಾನಾಗಿಯೇ ತಪ್ಪಲ್ಲ ಎಂದು ದಾಖಲಿಸಿದ್ದಾರಲ್ಲ, ಆ ಎಚ್ಚರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಂದು ನಾವು ಯಾರನ್ನಾದರೂ ವಾಚಾಳಿ ಎಂದು ಕರೆಯುವಾಗ ಅಷ್ಟೂ ಯೋಚಿಸುವುದಿಲ್ಲ. ಆ ಮನುಷ್ಯ ಹೇಳಬಾರದ್ದನ್ನು ಹೇಳಿದನೇ? ಇಲ್ಲ. ನಮಗೆ ಆ ಹೊತ್ತಿನಲ್ಲಿ ಕೇಳುವ ಮನಸ್ಸಿರಲಿಲ್ಲ.

ಬಡಾಯಿಯವರ ವಿಷಯದಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. ಬುರುಡೆ, ಬೊಗಳೆ, ಓಳು, ರೀಲು, ಬಂಡಲ್ ಎಂದು ಅವರ ಸರಕಿಗೆ ಕಾಲಕಾಲಕ್ಕೆ ಹೊಸ ಹೆಸರು ಬರುತ್ತಲೇ ಇದೆ. ಹಿಂದಿನವರು ವಿರಾಟಪರ್ವದ ಉತ್ತರಕುಮಾರನನ್ನು ನೆನೆದು, ಉತ್ತರನ ಪೌರುಷ ಒಲೆಯ ಮುಂದೆ ಎಂದು ಗಾದೆಯಲ್ಲೇ ಕೆಲಸ ಮುಗಿಸಿದರು. ಟಿ.ಪಿ. ಕೈಲಾಸಂ ತಮ್ಮ ನಾಟಕಕ್ಕೆ ‘ಬಂಡ್ವಾಳ್ವಿಲ್ಲದ ಬಡಾಯಿ’ ಎಂದು ಹೆಸರಿಟ್ಟಾಗ ಆ ಎರಡು ಪದಗಳಲ್ಲಿ ಇಡೀ ಜಾತಿಯ ಲಕ್ಷಣ ಬಂದುಬಿಟ್ಟಿತು. ಇಂಥವರನ್ನು ಗುರುತಿಸಿ ಹೆಸರಿಡುವುದು ನ್ಯಾಯವೇ. ಅವರ ಮಾತಿನಿಂದ ಸಾಲ ಕೊಟ್ಟವರೂ, ಹೆಣ್ಣು ಕೊಟ್ಟವರೂ, ಮತ ಕೊಟ್ಟವರೂ ಕೆಟ್ಟಿದ್ದಾರೆ.

ನನ್ನ ತಕರಾರಿರುವುದು ಅಧಿಕಪ್ರಸಂಗಿ ಎಂಬ ಪದದ ಬಗ್ಗೆ. ಪ್ರಸಂಗ ಎಂದರೆ ಸಂದರ್ಭ. ಸಂದರ್ಭ ಕೇಳುವುದಕ್ಕಿಂತ ಹೆಚ್ಚು ಆಡಿದವನು ಅಧಿಕಪ್ರಸಂಗಿ. ಸಭೆಯಲ್ಲಿ ವಂದನಾರ್ಪಣೆಗೆಂದು ನಿಂತು ಅಧ್ಯಕ್ಷ ಭಾಷಣ ಮಾಡುವವರಿಗೆ ಇದು ಸರಿಯಾದ ಪದ. ಆದರೆ ಅಂಥವರ ಮೇಲೆ ಇದನ್ನು ಯಾರೂ ಬಳಸಿದ್ದು ನಾನು ಕಾಣೆ. ನಾನು ಕೇಳಿರುವಂತೆ ಇದು ಬೀಳುವುದು ಮಕ್ಕಳ ತಲೆಯ ಮೇಲೆ. ಮದುವೆ ಮಾತುಕತೆಗೆಂದು ಹಿರಿಯರು ಚಾಪೆ ಹಾಸಿ ಕೂತಿರುತ್ತಾರೆ. ಕೊಡುವುದು ಬಿಡುವುದು ಅರ್ಧ ಮಾತಿನಲ್ಲಿ, ಕಣ್ಸನ್ನೆಯಲ್ಲಿ ನಡೆಯುತ್ತಿರುತ್ತದೆ. ಅಮ್ಮನ ಮಡಿಲಿಗೆ ಒರಗಿದ್ದ ಹುಡುಗಿ, ‘ಅವರು ನಮ್ಮ ಅಕ್ಕನ್ನ ಕರ್ಕೊಂಡು ಹೋಗೋದಲ್ದೆ ದುಡ್ಡೂ ಯಾಕೆ ಕೇಳ್ತಾರೆ?’ ಎನ್ನುತ್ತಾಳೆ. ಕೋಣೆಯಲ್ಲಿದ್ದವರಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅವಳಿಗೆ ಸಿಗುವ ಬಿರುದು ಅಧಿಕಪ್ರಸಂಗಿ. ಸಂದರ್ಭಕ್ಕೆ ಸರಿಯಾಗಿ ಮಾತಾಡಿದ ಮಗುವಿಗೆ ಸಂದರ್ಭ ಮೀರಿದವಳು ಎಂಬ ಹೆಸರು ಬರುತ್ತದೆ, ಅವಳು ಆ ಪದದ ಪೆಟ್ಟನ್ನು ಬಹಳ ದಿನ ಮರೆಯುವುದಿಲ್ಲ. ಮುಂದಿನ ಸಲ ಪ್ರಶ್ನೆ ಗಂಟಲಿಗೆ ಬಂದು ಅಲ್ಲೇ ನಿಲ್ಲುತ್ತದೆ.

ಶಾಲೆಯೂ ಇದನ್ನೇ ಕಲಿಸಿತು. ನಮ್ಮ ಕಾಲದ ಯಾವ ಕನ್ನಡ ಶಾಲೆಯಲ್ಲಿ ಓದಿದವರಿಗೂ ಆ ಕರಿಹಲಗೆ ನೆನಪಿರುತ್ತದೆ. ಮೇಷ್ಟರು ಹೊರಗೆ ಹೋದ ಕೂಡಲೇ ಮಾನಿಟರು ಸೀಮೆಸುಣ್ಣ ಹಿಡಿದು ಮೇಲೆ ‘ಮಾತನಾಡಿದವರು’ ಎಂದು ಬರೆದು ಗೆರೆ ಎಳೆಯುತ್ತಿದ್ದ. ಕೆಳಗೆ ಹೆಸರುಗಳು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು, ಇನ್ನೂ ಮಾತಾಡಿದರೆ ಇನ್ನೊಂದು. ವಾಪಸು ಬಂದ ಮೇಷ್ಟರು ಇಂಟುಗಳನ್ನು ಎಣಿಸಿ ಅಷ್ಟು ಏಟು ಕೊಡುತ್ತಿದ್ದರು. ಹಲಗೆಯ ಮೇಲೆ ಹೆಸರಿತ್ತು, ಲೆಕ್ಕವಿತ್ತು, ಮಾತು ಯಾವುದೆಂದು ಮಾತ್ರ ಇರಲಿಲ್ಲ. ಪಕ್ಕದವನಿಗೆ ಲೆಕ್ಕದ ದಾರಿ ಹೇಳಿಕೊಟ್ಟವನಿಗೂ ಏಟು, ಚಾಡಿ ಹೇಳಿದವನಿಗೂ ಏಟು. ಮಾತಿಗೆ ಇಷ್ಟೊಂದು ಬಗೆಯ ಹೆಸರಿಟ್ಟ ಭಾಷೆಯ ಮಕ್ಕಳಿಗೆ ಎಲ್ಲ ಮಾತೂ ಒಂದೇ ಎಂದು ಹೇಳಿಕೊಟ್ಟ ಜಾಗ ಅದು. ಇವತ್ತಿಗೂ ಗ್ರಾಮಸಭೆಯಲ್ಲಿ, ಪೋಷಕರ ಸಭೆಯಲ್ಲಿ, ಬಡಾವಣೆಯ ಸಂಘದಲ್ಲಿ ‘ಯಾರಾದರೂ ಏನಾದರೂ ಕೇಳುವುದಿದೆಯೇ’ ಎಂದಾಗ ಬೀಳುವ ಮೌನಕ್ಕೆ ಆ ಹಲಗೆಯೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಅನ್ಯಾಯ ಇನ್ನೂ ಸ್ಪಷ್ಟ. ಗಯ್ಯಾಳಿಗೆ ಗಂಡುರೂಪವಿಲ್ಲ. ಘಟವಾಣಿಗೆ ಇಲ್ಲ. ಬಜಾರಿಗೂ ಇಲ್ಲ. ಗಂಡಸು ಅದೇ ಧ್ವನಿಯಲ್ಲಿ, ಅದೇ ಬೀದಿಯಲ್ಲಿ, ಅದೇ ಮಾತಾಡಿದರೆ ‘ನೇರ ಮನುಷ್ಯ, ಮುಚ್ಚುಮರೆ ಇಲ್ಲ’ ಎನ್ನುತ್ತೇವೆ. ಪೂರ್ಣಚಂದ್ರ ತೇಜಸ್ವಿಯವರು 1991ರಲ್ಲಿ ‘ಕಿರಗೂರಿನ ಗಯ್ಯಾಳಿಗಳು’ ಎಂದು ಹೆಸರಿಟ್ಟು ಆ ಬೈಗುಳವನ್ನೇ ಹೆಣ್ಣುಮಕ್ಕಳ ಕೈಗೆ ಆಯುಧವಾಗಿ ಕೊಟ್ಟರು. 2016ರಲ್ಲಿ ಅದು ಸಿನಿಮಾ ಆದಾಗ ಚಿತ್ರಮಂದಿರದಲ್ಲಿ ಹೆಂಗಸರು ಆ ಪದವನ್ನು ನಗುತ್ತ ಹೇಳಿಕೊಳ್ಳುತ್ತಿದ್ದುದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ಪದಗಳ ಮೇಲಿನ ಹಕ್ಕು ಕೈಬದಲಾಗುವುದು ಹೀಗೆ.

ನಮ್ಮ ದೊಡ್ಡಮ್ಮನನ್ನು ಊರಿನಲ್ಲಿ ಬಾಯಿಬಡುಕಿ ಎನ್ನುತ್ತಿದ್ದರು. ಎದುರಿಗೆ ಅಲ್ಲ, ಅಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಬೆಳಗ್ಗೆ ಅಂಗಳಕ್ಕೆ ನೀರು ಹಾಕುವಾಗ ಶುರುವಾದ ಅವಳ ಮಾತು ರಾತ್ರಿ ಒಲೆಗೆ ಬೂದಿ ಮುಚ್ಚುವವರೆಗೆ ನಿಲ್ಲುತ್ತಿರಲಿಲ್ಲ. ಹಾಲಿನವನೊಡನೆ ಅವನ ಎಮ್ಮೆಯ ಕಾಲಿನ ಗಾಯ, ಪೋಸ್ಟಿನವರೊಡನೆ ಅವರ ಮಗಳ ಪರೀಕ್ಷೆ, ಬಳೆಗಾರನೊಡನೆ ಅವನು ಬರುವ ದಾರಿಯಲ್ಲಿನ ನಾಲ್ಕು ಊರಿನ ಹಿಂದಿನ ವಾರದ ಸುದ್ದಿ. ಯಾರ ಮನೆಯ ಸೊಸೆ ಯಾವ ಊರಿನ ಯಾರ ಮೊಮ್ಮಗಳು ಎಂದು ಏಳು ತಲೆ ಹೇಳುತ್ತಿದ್ದಳು. ಓದು ಬರದವರಿಗೆ ಅರ್ಜಿ ಬರೆಸಿಕೊಡಲು ಜೊತೆಗೆ ಹೋಗುತ್ತಿದ್ದಳು, ಕಚೇರಿಯ ಕಿಟಕಿಯಲ್ಲಿ ‘ನಾಳೆ ಬನ್ನಿ’ ಎಂದರೆ ಅಲ್ಲಿಂದ ಕದಲುತ್ತಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಕೊಳಾಯಿ ಹಾಕಲೆಂದು ತೋಡಿದ ಗುಂಡಿಯನ್ನು ತಿಂಗಳುಗಟ್ಟಲೆ ಮುಚ್ಚದೆ ಬಿಟ್ಟಿದ್ದರು. ಮಳೆ ಬಂದು ನೀರು ತುಂಬಿ ನೆಲ ಯಾವುದು ಗುಂಡಿ ಯಾವುದು ತಿಳಿಯದಂತಾಯಿತು. ಸಂಜೆ ಮಕ್ಕಳು ಆಡುವ ಜಾಗ ಅದು. ಊರಿನ ಗಂಡಸರಿಗೆಲ್ಲ ಅದು ಗೊತ್ತಿತ್ತು, ದಾಟಿಕೊಂಡು ಹೋಗುತ್ತಿದ್ದರು. ದೊಡ್ಡಮ್ಮ ಕಂಡಕಂಡವರ ಎದುರು ಬಾಯಿ ಬಡಿದುಕೊಂಡಳು. ಪಂಚಾಯಿತಿಯ ಸದಸ್ಯರು ಮದುವೆ ಊಟಕ್ಕೆ ಕೂತಿದ್ದಾಗ ಎಲೆಯ ಮುಂದೆ ನಿಂತು ಕೇಳಿದಳು. ಮರುದಿನ ಎರಡು ಗಾಡಿ ಮಣ್ಣು ಬಂತು.

ಬಾಯಿ ಬಡಿದುಕೊಳ್ಳುವುದು ಎಂದರೆ ಏನು? ಮನೆಗೆ ಬೆಂಕಿ ಬಿದ್ದಾಗ, ಕಳ್ಳ ನುಗ್ಗಿದಾಗ, ಮಗು ನೀರಿಗೆ ಬಿದ್ದಾಗ ಜನರನ್ನು ಕೂಗಿ ಕರೆಯುವ ರೀತಿ. ಊರಿನಲ್ಲಿ ಒಬ್ಬಳು ದಿನವೂ ಹಾಗೆ ಕೂಗುತ್ತಿದ್ದಾಳೆ ಎಂದರೆ ಊರು ಅವಳ ಬಾಯಿಯನ್ನು ನೋಡುವ ಮೊದಲು ಬೆಂಕಿ ಎಲ್ಲಿದೆ ಎಂದು ನೋಡಬೇಕು. ಎರಡು ಗಾಡಿ ಮಣ್ಣು ಬಿದ್ದ ಮೇಲೂ ಅವಳ ಹೆಸರು ಬದಲಾಗಲಿಲ್ಲ. ಆ ಕೆಲಸಕ್ಕೆ ಧನ್ಯವಾದ ಸಿಕ್ಕಿದ್ದು ಸದಸ್ಯರಿಗೆ. ನನಗೆ ಅದು ಇವತ್ತಿಗೂ ನೋವಿನ ಸಂಗತಿ.

ಹೆಂಗಸರು ಗಂಡಸರಿಗಿಂತ ಹೆಚ್ಚು ಮಾತಾಡುತ್ತಾರೆ ಎಂಬ ನಂಬಿಕೆಯನ್ನು ಅಳೆದು ನೋಡಿದವರೂ ಇದ್ದಾರೆ. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕ ಮತ್ತು ಮೆಕ್ಸಿಕೊದ 396 ವಿದ್ಯಾರ್ಥಿಗಳ ಮೈಮೇಲೆ ಸಣ್ಣ ಧ್ವನಿಮುದ್ರಕ ಇಟ್ಟು, ಅದು ಆಗಾಗ ತಾನಾಗಿಯೇ ಶುರುವಾಗಿ ಕೆಲವು ಕ್ಷಣ ದಾಖಲಿಸುವಂತೆ ಮಾಡಿದ್ದರು. ಹುಡುಗಿಯರೂ ಹುಡುಗರೂ ದಿನಕ್ಕೆ ಸುಮಾರು 16 ಸಾವಿರ ಪದ ಆಡುತ್ತಿದ್ದರು, ಇಬ್ಬರ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಸಿಗಲಿಲ್ಲ. 2025ರಲ್ಲಿ ಇದೇ ವಿಧಾನದಿಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ 25ರಿಂದ 64ರ ವಯಸ್ಸಿನ ಹೆಂಗಸರು ಗಂಡಸರಿಗಿಂತ ದಿನಕ್ಕೆ ಸರಾಸರಿ 3 ಸಾವಿರದಷ್ಟು ಪದ ಹೆಚ್ಚು ಆಡುವುದು ಕಂಡಿತು, ಉಳಿದ ವಯಸ್ಸಿನಲ್ಲಿ ಅಂಥ ಅಂತರವಿಲ್ಲ. ಈ ವಯಸ್ಸನ್ನು ಒಂದು ಕ್ಷಣ ಗಮನಿಸಿ. ಮಕ್ಕಳನ್ನು ಎಬ್ಬಿಸಿ ಸ್ನಾನಕ್ಕೆ ಕಳಿಸುವ, ಮನೆಯ ಹಿರಿಯರಿಗೆ ಮಾತ್ರೆ ನೆನಪಿಸುವ, ಬೀಗರಿಗೆ ಫೋನು ಮಾಡುವ ವಯಸ್ಸು ಅದು. ಕಾರಣ ಇದೇ ಎಂದು ಅಧ್ಯಯನ ಸಾಧಿಸಿ ತೋರಿಸಿಲ್ಲ, ಆದರೆ ನಮ್ಮ ಮನೆಗಳನ್ನು ನೋಡಿದ ಯಾರಿಗೂ ಆ 3 ಸಾವಿರ ಪದಗಳಲ್ಲಿ ಏನೇನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮನೆಯನ್ನು ನಡೆಸುವ ಮಾತು ಹರಟೆಯಲ್ಲ.

ಪೇಟೆಯ ಹುಡುಗರ ಬಾಯಲ್ಲಿ ಹೆಚ್ಚು ಮಾತಿನ ಹೆಸರುಗಳೆಲ್ಲ ಬಡಗಿಯ ಪೆಟ್ಟಿಗೆಯಿಂದ ಬಂದ ಪದಗಳಾದವು. ಕೊರೆಯಬೇಡ, ಕುಯ್ಯಬೇಡ, ಬೈರಿಗೆ. ಚುರುಕಾದ ಪದಗಳು, ಕಾಲೇಜಿನ ಕಟ್ಟೆಗೆ ಸರಿ. ಆದರೆ ಇವು ಎಲ್ಲ ಮಾತನ್ನೂ ಕೇಳುವವನ ನೋವಿನಿಂದ ಮಾತ್ರ ಅಳೆಯುತ್ತವೆ. ಹಳೆಯ ಪದಗಳಲ್ಲಿದ್ದ ಮೆಚ್ಚುಗೆ, ಸಲಿಗೆ, ಮುದ್ದು ಇವುಗಳಲ್ಲಿಲ್ಲ. ಕರಾವಳಿಯವರ ಪಟ್ಟಾಂಗ ಎಷ್ಟು ಚೆಂದ. ಪಟ್ಟಾಂಗ ಹೊಡೆಯುವುದು ಎಂದರೆ ಕೂತವರೆಲ್ಲ ಸೇರಿ ಹೊಡೆಯಬೇಕು, ಒಬ್ಬನಿಂದ ಅದು ಆಗುವುದಿಲ್ಲ.

ಅದೇ ಕರಾವಳಿಯಲ್ಲಿ ಮಾತನ್ನೇ ಕಲೆಯಾಗಿ ಬೆಳೆಸಿದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆಯುಟ್ಟು ಕೂತ ಅರ್ಥಧಾರಿ ಆ ಪದವನ್ನು ಹಿಡಿದು ಮಾತಾಡುತ್ತಾನೆ, ಎದುರಿನವನು ಉತ್ತರ ಕೊಡುತ್ತಾನೆ, ಬೆಳಗಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳಿದ್ದನ್ನು ಕೇಳಿದವರು ದಶಕಗಳ ಮೇಲೂ ಅದರ ಬಗ್ಗೆಯೇ ಮಾತಾಡುತ್ತಾರೆ. ಬಾಣ ತಾಗಿ ಬಿದ್ದಿರುವ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾನೆ. ಸಾಯುತ್ತಿರುವವನಿಗೆ ಇಷ್ಟು ಮಾತೇಕೆ ಎಂದು ಸಭೆಯಲ್ಲಿ ಯಾರೂ ಅನ್ನುವುದಿಲ್ಲ. ಅವನ ಮಾತು ಮುಗಿಯಬಾರದೆಂದು ಕಾದಿರುತ್ತಾರೆ. ಪ್ರಶ್ನೆ ಕೇಳುವ ಮಗುವಿಗೆ ಅಧಿಕಪ್ರಸಂಗಿ ಎನ್ನುವ ನಾವೇ, ದೇವರನ್ನು ಪ್ರಶ್ನಿಸುವ ವಾಲಿಗೆ ರಾತ್ರಿಯಿಡೀ ನಿದ್ದೆಗೆಟ್ಟು ಕಿವಿಗೊಡುತ್ತೇವೆ.

ಕೈಲಾಸಂ ಅವರ ನಾಟಕಗಳು ಕಾಗದದ ಮೇಲಿಗಿಂತ ಮೊದಲು ಅವರ ಬಾಯಲ್ಲಿದ್ದವು. ಅವರು ಹೇಳುತ್ತ ಹೋಗುತ್ತಿದ್ದರು, ಆಪ್ತರು ಬರೆದುಕೊಳ್ಳುತ್ತಿದ್ದರು. ‘ಮಾತು ಸಾಕು, ಬರೆಯಿರಿ’ ಎಂದು ಅವರನ್ನು ಯಾರಾದರೂ ಸುಮ್ಮನಾಗಿಸಿದ್ದರೆ ಕನ್ನಡ ರಂಗಭೂಮಿ ಎಷ್ಟು ಕಳೆದುಕೊಳ್ಳುತ್ತಿತ್ತೋ. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರು ಮಾತಿಗೆ ಕೂತರೆ ಬಂದವರಿಗೆ ಬಸ್ಸು ತಪ್ಪುತ್ತಿದ್ದುದು ಆ ಊರಿನವರು ಈಗಲೂ ಹೆಮ್ಮೆಯಿಂದ ಹೇಳುವ ಮಾತು. ಲಲಿತ ಪ್ರಬಂಧ ಎಂದು ನಾವು ಗೌರವದಿಂದ ಕರೆಯುವ ಈ ಪ್ರಕಾರಕ್ಕೇ ಒಂದು ಕಾಲದಲ್ಲಿ ಹರಟೆ ಎಂಬ ಹೆಸರಿತ್ತು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಓದುವಾಗ ಒಬ್ಬರು ನಮ್ಮ ಪಕ್ಕ ಕೂತು ಮಾತಾಡುತ್ತಿದ್ದಾರೆ ಎನ್ನಿಸುತ್ತದೆ. ಹರಟೆ ಎಂಬ ಆ ಹಳೆಯ ಹೆಸರನ್ನು ಬಿಟ್ಟುಕೊಟ್ಟದ್ದು ನನಗೆ ಸರಿಕಾಣದು.

ಹರಟೆಮಲ್ಲ ಎಂಬ ಹೆಸರಿನ ಹಕ್ಕಿಯೊಂದಿದೆ. ಮಣ್ಣಿನ ಬಣ್ಣದ, ಹಳದಿ ಕೊಕ್ಕಿನ, ಕಣ್ಣು ಬಿಳಿಯಾಗಿ ಕಾಣುವ ಈ ಹಕ್ಕಿ ಒಂಟಿಯಾಗಿ ಕಾಣಸಿಗುವುದು ಅಪರೂಪ. ಆರೋ ಹತ್ತೋ ಸೇರಿ ತೋಟದ ಒಣ ಎಲೆ ಕೆದಕುತ್ತ, ಒಂದೇ ಸಮ ಗಲಾಟೆ ಮಾಡುತ್ತ ಸಾಗುತ್ತವೆ. ಹಿಂದಿಯಲ್ಲಿ ಇವಕ್ಕೆ ಏಳು ಅಣ್ಣತಮ್ಮಂದಿರೆಂದೂ ಇಂಗ್ಲಿಷಿನಲ್ಲಿ ಏಳು ಅಕ್ಕತಂಗಿಯರೆಂದೂ ಹೆಸರು. ಬಹಳ ಹೊತ್ತು ನೋಡುತ್ತ ಕೂತರೆ ಆ ಗಲಾಟೆಯ ಒಳಗಿನ ವ್ಯವಸ್ಥೆ ಕಾಣತೊಡಗುತ್ತದೆ. ಉಳಿದವು ನೆಲದ ಮೇಲೆ ತಿನ್ನುವಾಗ ಒಂದು ಮೇಲಿನ ಕೊಂಬೆಯಲ್ಲಿ ಕಾವಲು ಕೂರುತ್ತದೆ. ಹಾವು ಕಂಡರೆ, ಬೆಕ್ಕು ಬಂದರೆ, ಗಿಡುಗನ ನೆರಳು ಬಿದ್ದರೆ ದನಿ ಬದಲಾಗುತ್ತದೆ, ಇಡೀ ಗುಂಪು ಎಚ್ಚರಾಗುತ್ತದೆ. ಹಾವಿನ ಸುತ್ತ ಎಲ್ಲವೂ ಸೇರಿ ಕಿರುಚಿ ಅದು ಜಾಗ ಬಿಡುವವರೆಗೂ ಬಿಡುವುದಿಲ್ಲ. ಗೂಡಿನಲ್ಲಿ ಮರಿಯಾದರೆ ಹೆತ್ತವಲ್ಲದೆ ಗುಂಪಿನ ಬೇರೆ ಹಕ್ಕಿಗಳೂ ಗುಟುಕು ತಂದುಕೊಡುತ್ತವೆ. ಕೋಗಿಲೆಯ ಬಳಗದ ಚಾತಕ ಇವುಗಳ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋದರೆ ಆ ಮರಿಯನ್ನೂ ಸಾಕುತ್ತವೆ. ಅವುಗಳ ಮಾತು ನಿಂತರೆ ಗುಂಪು ಚದುರುತ್ತದೆ. ಈ ಹಕ್ಕಿಗೆ ವಾಚಾಳಿ ಎನ್ನದೆ, ಬಾಯಿಬಡುಕ ಎನ್ನದೆ, ಹರಟೆಮಲ್ಲ ಎಂಬ ಸಲಿಗೆಯ ಪದ ಆರಿಸಿದವರು ಯಾರೋ, ಅವರ ಕಿವಿ ಒಳ್ಳೆಯದು.

ಮಾತಿಲ್ಲದವರನ್ನೂ ನಮ್ಮ ಭಾಷೆ ಸುಮ್ಮನೆ ಬಿಟ್ಟಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗೋಡೆಯ ಮೇಲೆ ಬರೆಯುತ್ತೇವೆ, ಆದರೆ ಮನೆಯಲ್ಲಿ ಬಾಯಿಬಿಡದೆ ಓಡಾಡುವವನಿಗೆ ಗುಮ್ಮನಗುಸುಕ ಎನ್ನುತ್ತೇವೆ. ಅವನ ಬಗ್ಗೆ ಒಂದು ಅಂಜಿಕೆ ಇದ್ದೇ ಇರುತ್ತದೆ, ಒಳಗೆ ಏನಿದೆಯೋ ಎಂದು. ದಿಕ್ಕಿಲ್ಲದ ಬಡವರಿಗೆ ಬಾಯಿಲ್ಲದವರು ಎಂದಿದ್ದೂ ಇದೇ ಕನ್ನಡ. ಬಾಯಿ ಇರುವುದು ಆಸ್ತಿ ಎಂದು ಈ ಭಾಷೆಗೆ ಗೊತ್ತು.

ಆ ಆಸ್ತಿ ಈಗ ಕರಗುತ್ತಿದೆ ಎಂಬುದೇ ನನ್ನ ಕಳವಳ. ಬಸ್ಸಿನಲ್ಲಿ ಪಕ್ಕದವರು ‘ಯಾವೂರಾಯ್ತು?’ ಎನ್ನುವುದು ಕಡಿಮೆಯಾಗಿದೆ. ಹೋಟೆಲಿನ ಗೋಡೆಯ ಮೇಲೆ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡು ಹಾಕಬೇಕಾಗಿದ್ದ ಕಾಲವೊಂದಿತ್ತು; ಈಗ ಎದುರುಬದುರು ಕೂತವರು ತಂತಮ್ಮ ಫೋನು ನೋಡುತ್ತ ಕಾಫಿ ಕುಡಿಯುತ್ತಾರೆ. ಮಾತು ಉಳಿದಿರುವುದು ಬಹುಮಟ್ಟಿಗೆ ವಯಸ್ಸಾದವರಲ್ಲಿ, ಅದಕ್ಕೆ ಕೇಳುವವರಿಲ್ಲ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಇಡೀ ದಿನ ಒಂದು ಮಾತೂ ಆಡದೆ ಕಳೆದ ಅಜ್ಜ, ಸಂಜೆ ಗೇಟಿನ ಹತ್ತಿರ ಸಿಕ್ಕ ಮೊದಲ ಮನುಷ್ಯನ ಮುಂದೆ ದಿನದ ಅಷ್ಟೂ ಮಾತನ್ನು ಒಟ್ಟಿಗೆ ಆಡುತ್ತಾರೆ. ಆ ಮನುಷ್ಯ ಒಳಗೆ ಬಂದು ‘ಅಬ್ಬಾ, ಏನು ಕೊರೀತಾರಪ್ಪಾ’ ಎನ್ನುತ್ತಾನೆ. ಆ ಪದ ಅಲ್ಲಿಗೆ ಸಲ್ಲದು. ಅವರ ಮಾತಿಗೆ ಇನ್ನೂ ಕನ್ನಡದಲ್ಲಿ ಸರಿಯಾದ ಹೆಸರು ಹುಟ್ಟಿಲ್ಲ, ಯಾಕೆಂದರೆ ತುಂಬಿದ ಮನೆಯಲ್ಲಿ ಇಷ್ಟು ಒಂಟಿಯಾಗಿರುವುದು ನಮಗೆ ಹೊಸದು.

ಬಡಾಯಿ, ಬುರುಡೆ, ಬೊಗಳೆಗಳನ್ನು ಉಳಿಸಿಕೊಳ್ಳೋಣ, ಅವುಗಳಿಗೆ ಕೆಲಸವಿದೆ. ಬಜಾರಿಯನ್ನೂ ಘಟವಾಣಿಯನ್ನೂ ಬಿಟ್ಟುಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳನ್ನು ಅಧಿಕಪ್ರಸಂಗಿ ಎನ್ನುವುದು ಇವತ್ತಿನಿಂದಲೇ ನಿಲ್ಲಲಿ. ಇನ್ನೊಂದು ಕೋರಿಕೆಯಿದೆ. ಹೆಚ್ಚು ಮಾತಾಡುವವರಿಗೆ ನಿಮ್ಮ ಸೀಮೆಯಲ್ಲಿ, ನಿಮ್ಮ ಮನೆಮಾತಿನಲ್ಲಿ ಇರುವ ಪದಗಳು ನಾನು ಇಲ್ಲಿ ಹೇಳಿದವುಗಳಿಗಿಂತ ಖಂಡಿತ ಹೆಚ್ಚಿವೆ, ಅವುಗಳಲ್ಲಿ ಎಷ್ಟೋ ಇನ್ನೂ ಯಾವ ನಿಘಂಟನ್ನೂ ಸೇರಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೋಗುವಾಗ ಸಾಕಷ್ಟು ಹೊತ್ತು ಇಟ್ಟುಕೊಂಡು ಹೋಗಿ. ಅವರು ಪದ ಹೇಳಿ ಸುಮ್ಮನಾಗುವುದಿಲ್ಲ, ಆ ಪದ ಯಾರಿಗೆ ಅಂಟಿತ್ತು, ಯಾಕೆ ಅಂಟಿತ್ತು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಎಂಬುದನ್ನೆಲ್ಲ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಿ.